ಬೆನ್ನೆಲುಬನ್ನು ಮುಟ್ಟುವ ಕೈಗೆ ಎಷ್ಟು ವಿದ್ಯೆ ಬೇಕು?

ಸೊಂಟ ಹಿಡಿದುಕೊಂಡಿತೆಂದು ಒಮ್ಮೆಯಾದರೂ ನರಳದ ಮನೆಯು ನಮ್ಮಲ್ಲಿ ಇರಲಾರದು. ನೀರಿನ ಕೊಡವನ್ನೆತ್ತುವಾಗ ಗೃಹಿಣಿಗೆ ಬೆನ್ನು ಉಳುಕುವುದು. ದಿನವೆಲ್ಲ ಮೇಜಿನ ಮುಂದೆ ಬಾಗಿ ಕುಳಿತ ಯಜಮಾನನಿಗೆ ಸಂಜೆಯ ಹೊತ್ತಿಗೆ ಕತ್ತು ತಿರುಗದಂತಾಗುವುದು. ಆಗ ಮನೆಯ ಹಿರಿಯರು ಒಬ್ಬೊಬ್ಬರು ಒಂದೊಂದು ಉಪಾಯವನ್ನು ಹೇಳುವರು. ಎಣ್ಣೆ ಕಾಯಿಸಿ ತಿಕ್ಕಿ ಬಿಸಿನೀರು ಹೊಯ್ಯಬೇಕೆಂದು ಒಬ್ಬರು. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಬಿಡುವುದೆಂದು ಇನ್ನೊಬ್ಬರು. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕೆನ್ನಿಸಿಕೊಂಡು ಬಾರೆಂದು ಮತ್ತೊಬ್ಬರು. ಈಚೆಗೆ ಈ ಉಪಾಯಗಳ ಸಾಲಿಗೆ ಹೊಸದೊಂದು ಸೇರಿದೆ. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಬೆನ್ನನ್ನು ಒತ್ತಿ, ಕತ್ತನ್ನು ಹೊರಳಿಸಿ, ಕೀಲುಗಳು ಸದ್ದು ಮಾಡುವಂತೆ ಮಾಡುವ ಚಿತ್ರಗಳನ್ನು ಫೋನಿನ ತೆರೆಯ ಮೇಲೆ ಎಲ್ಲರೂ ಕಾಣುತ್ತಿದ್ದಾರೆ. ಹಾಗೆ ಮಾಡುವವನನ್ನು ಕೈರೋಪ್ರಾಕ್ಟರ್ ಎಂದು ಕರೆಯುವರು.

ಚಿತ್ರವನ್ನು ಕಂಡ ತರುಣರು ಈ ವೃತ್ತಿಯನ್ನು ತಾವೂ ಕಲಿಯಬಹುದೇ ಎಂದು ಕೇಳುವರು. ಕೆಲವೇ ದಿನಗಳಲ್ಲಿ ವಿದ್ಯೆಯು ಕೈವಶವಾಗುವುದೆಂದು ನಂಬಿಸುವವರೂ ಇಲ್ಲದಿಲ್ಲ. ಆದುದರಿಂದ ಈ ವೃತ್ತಿಗೆ ನಿಜವಾಗಿ ಬೇಕಾದ ಶಿಕ್ಷಣವೇನು, ಪರೀಕ್ಷೆಗಳಾವುವು, ಅಧಿಕಾರವು ಯಾರಿಂದ ದೊರೆಯತಕ್ಕದ್ದು ಎಂಬುದನ್ನು ಗೃಹಸ್ಥರು ಎರಡು ಕಾರಣಗಳಿಂದ ತಿಳಿದಿರುವುದು ಒಳ್ಳೆಯದು. ಮಕ್ಕಳ ಮುಂದಿನ ದಾರಿಯನ್ನು ನಿಶ್ಚಯಿಸುವುದು ಮೊದಲನೆಯ ಕಾರಣ; ತಮ್ಮ ಕತ್ತನ್ನು ಯಾರ ಕೈಗೆ ಒಪ್ಪಿಸಬೇಕೆಂಬುದನ್ನು ಅರಿಯುವುದು ಎರಡನೆಯದು. ಈ ಎರಡನೆಯದು ಮೊದಲನೆಯದಕ್ಕಿಂತ ಕಡಮೆಯದೆಂದು ನಾವು ಎಣಿಸುವುದಿಲ್ಲ.

ವೃತ್ತಿಯ ಹುಟ್ಟು

ಈ ಪದ್ಧತಿಯು ಹುಟ್ಟಿದ್ದು ಅಮೆರಿಕಾ ಸಂಯುಕ್ತ ಸಂಸ್ಥಾನದ ಅಯೋವಾ ಪ್ರಾಂತದ ಡ್ಯಾವನ್‌ಪೋರ್ಟ್ ಎಂಬ ಊರಿನಲ್ಲಿ. ಕೆನಡಾದಲ್ಲಿ ೧೮೪೫ರಲ್ಲಿ ಜನಿಸಿದ ಡೇನಿಯಲ್ ಡೇವಿಡ್ ಪಾಮರ್ ಎಂಬಾತನು ಅಲ್ಲಿ ಆಕರ್ಷಣ ಚಿಕಿತ್ಸೆಯೆಂಬ ಹೆಸರಿನಿಂದ ರೋಗಿಗಳನ್ನು ನೋಡುತ್ತಿದ್ದನು. ಅದೇ ಕಟ್ಟಡದಲ್ಲಿ ಹಾರ್ವೆ ಲಿಲ್ಲರ್ಡ್ ಎಂಬ ಕೆಲಸಗಾರನಿದ್ದನು. ಅವನಿಗೆ ಬಹುಕಾಲದಿಂದ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ೧೮೯೫ನೆಯ ಇಸವಿ ಸೆಪ್ಟೆಂಬರು ೧೮ರಂದು ಆತನ ಬೆನ್ನುಮಣಿಯೊಂದನ್ನು ತಾನು ಒತ್ತಿ ಸರಿಪಡಿಸಿದೆನೆಂದೂ, ಅದರಿಂದ ಅವನಿಗೆ ಶ್ರವಣಶಕ್ತಿಯು ಮರಳಿತೆಂದೂ ಪಾಮರನು ಹೇಳಿಕೊಂಡನು. ಕೈ ಮತ್ತು ಕ್ರಿಯೆ ಎಂಬ ಅರ್ಥವುಳ್ಳ ಎರಡು ಗ್ರೀಕ್ ಮಾತುಗಳನ್ನು ಕೂಡಿಸಿ ಈ ಚಿಕಿತ್ಸೆಗೆ ಕೈರೋಪ್ರಾಕ್ಟಿಕ್ ಎಂದು ಹೆಸರಾಯಿತು. ೧೮೯೭ರಲ್ಲಿ ಅವನು ಶಾಲೆಯನ್ನು ತೆರೆದನು.

ನೂರು ರೋಗಗಳಲ್ಲಿ ತೊಂಬತ್ತೈದಕ್ಕೆ ಬೆನ್ನುಮಣಿಗಳು ಪಲ್ಲಟಗೊಂಡುದೇ ಕಾರಣವೆಂಬುದು ಪಾಮರನ ಮತವಾಗಿದ್ದಿತು. ಶರೀರಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಲಿಲ್ಲರ್ಡನ ಸಂಗತಿಯನ್ನೇ ನೋಡಿರಿ: ಕಿವಿಯಿಂದ ಹೊರಟ ಶ್ರವಣನರವು ತಲೆಬುರುಡೆಯೊಳಗೇ ನೇರವಾಗಿ ಮಿದುಳನ್ನು ಸೇರುವುದಲ್ಲದೆ, ಬೆನ್ನುಮಣಿಗಳ ನಡುವಿನಿಂದ ಹಾಯ್ದು ಹೋಗುವುದಿಲ್ಲ. ಹುಟ್ಟಿನಲ್ಲಿಯೇ ಇದ್ದ ಈ ಅತಿಶಯೋಕ್ತಿಯ ದೆಸೆಯಿಂದ ವೃತ್ತಿಯು ಬಹುಕಾಲ ವಿವಾದಕ್ಕೆ ಗುರಿಯಾಯಿತು.

ಮೊದಮೊದಲು ಶಿಕ್ಷಣದ ಅವಧಿಯು ತೀರ ಸ್ವಲ್ಪವಾಗಿದ್ದಿತು. ಅಂಚೆಯ ಮೂಲಕ ಪಾಠ ಕಳುಹಿಸಿ ಪದವಿಪತ್ರವನ್ನು ಕೊಡುತ್ತಿದ್ದ ಶಾಲೆಗಳೂ ಹುಟ್ಟಿಕೊಂಡುವು. ಇತ್ತ ಸರಕಾರದವರು ಅನುಮತಿಯಿಲ್ಲದೆ ವೈದ್ಯ ಮಾಡಿದುದಕ್ಕಾಗಿ ಇವರನ್ನು ಹಿಡಿಯತೊಡಗಿದರು. ೧೯೦೬ರಲ್ಲಿ ಪಾಮರನೇ ಸೆರೆಮನೆಯನ್ನು ಕಂಡನು. ೧೯೦೭ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ಲಾ ಕ್ರಾಸ್ ಎಂಬ ಊರಿನಲ್ಲಿ ಮೊರಿಕುಬೋ ಎಂಬ ಜಪಾನೀ ಕೈರೋಪ್ರಾಕ್ಟರನ ಮೇಲೆ ಮೊಕದ್ದಮೆ ನಡೆದು, ಅವನು ನಿರ್ದೋಷಿಯೆಂದು ತೀರ್ಪಾಯಿತು. ೧೯೧೩ರಲ್ಲಿ ಕ್ಯಾನ್ಸಾಸ್ ಪ್ರಾಂತವು ಈ ವೃತ್ತಿಗೆ ಮೊದಲ ಕಾನೂನನ್ನು ಮಾಡಿತು. ಕೊನೆಯದಾಗಿ ಲೂಯಿಸಿಯಾನಾ ಪ್ರಾಂತವು ೧೯೭೪ರಲ್ಲಿ ಮಾಡಿತು. ಆರು ದಶಕಗಳ ಈ ಹಾದಿಯಲ್ಲಿ ಶಿಕ್ಷಣವು ಬೆಳೆದ ಬಗೆಯೇ ಗಮನಿಸತಕ್ಕದ್ದಾಗಿದೆ. ೧೯೨೫ರಲ್ಲಿ ವಿಸ್ಕಾನ್ಸಿನ್ ಮತ್ತು ಕನೆಕ್ಟಿಕಟ್ ಪ್ರಾಂತಗಳು, ಯಾವ ಪದ್ಧತಿಯ ಚಿಕಿತ್ಸಕನೇ ಆಗಲಿ, ಅಂಗರಚನೆ, ಶರೀರವ್ಯಾಪಾರ ಮುಂತಾದ ಮೂಲಶಾಸ್ತ್ರಗಳಲ್ಲಿ ಮೊದಲು ತೇರ್ಗಡೆಯಾಗಬೇಕೆಂದು ವಿಧಿಸಿದುವು. ಇತರ ಪ್ರಾಂತಗಳೂ ಅದನ್ನೇ ಅನುಸರಿಸಿದುವು. ಪಾಠ ಹೇಳದೆ ಪದವಿ ಕೊಡುತ್ತಿದ್ದ ಶಾಲೆಗಳಿಗೆ ಇದರಿಂದ ಉಳಿಗಾಲವಿಲ್ಲದಂತಾಯಿತು.

ಈ ಬೆಳವಣಿಗೆಯಲ್ಲಿ ಸ್ತ್ರೀಯರ ಪಾಲೂ ಇದ್ದಿತೆಂಬುದನ್ನು ನಮ್ಮ ಸೋದರಿಯರು ಕೇಳಿ ಸಂತೋಷಪಡುವರು. ಪಾಮರನ ಸೊಸೆಯಾದ ಮೇಬಲ್ ಹೀತ್ ಪಾಮರ್ ಎಂಬಾಕೆಯು ಅಲ್ಲಿನ ಶಾಲೆಯಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸಿ, ೧೯೧೮ರಲ್ಲಿ ಆ ವಿಷಯದ ಪಠ್ಯಪುಸ್ತಕವನ್ನೂ ಪ್ರಕಟಿಸಿದಳು.

ಕೈಯ ಕೆಳಗೆ ಇರುವುದೇನು?

ಶಿಕ್ಷಣವು ಏಕೆ ದೀರ್ಘವಾಗಿರಬೇಕೆಂಬುದನ್ನು ತಿಳಿಯಲು ಬೆನ್ನೆಲುಬಿನ ರಚನೆಯನ್ನು ಸ್ವಲ್ಪ ನೋಡಬೇಕು. ಬೆನ್ನೆಲುಬು ಒಂದೇ ಎಲುಬಲ್ಲ. ಕತ್ತಿನಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫, ಹೀಗೆ ಚಲಿಸುವ ಮಣಿಗಳು ೨೪. ಅವುಗಳ ಕೆಳಗೆ ಬೆಸೆದುಕೊಂಡ ತ್ರಿಕದ ಎಲುಬೂ ಬಾಲದ ಎಲುಬೂ ಇವೆ. ಮಣಿಗಳ ನಡುವಣ ಕೊಳವೆಯಲ್ಲಿ ಮಿದುಳಿನಿಂದ ಇಳಿದುಬಂದ ಬೆನ್ನುಹುರಿಯಿದೆ. ಅದರಿಂದ ೩೧ ಜೊತೆ ನರಗಳು ಇಕ್ಕೆಲಗಳಿಗೆ ಹೊರಡುವುವು. ಕತ್ತಿನ ಮಣಿಗಳ ಪಕ್ಕದ ರಂಧ್ರಗಳೊಳಗಿಂದ ಮಿದುಳಿಗೆ ರಕ್ತವನ್ನೊಯ್ಯುವ ಎರಡು ಧಮನಿಗಳು ಮೇಲಕ್ಕೆ ಏರುವುವು. ಕತ್ತನ್ನು ಹಿಡಿದು ತಿರುಗಿಸುವವನ ಬೆರಳುಗಳ ಕೆಳಗೆ ಇಷ್ಟೆಲ್ಲವೂ ಇರುವುದು.

ಒತ್ತಿದಾಗ ಕೇಳುವ ಲಟಕ್ಕೆಂಬ ಸದ್ದನ್ನು ಅನೇಕರು ಎಲುಬು ತನ್ನ ಸ್ಥಾನಕ್ಕೆ ಬಂದುದರ ಗುರುತೆಂದು ಭಾವಿಸುವರು. ಇದು ತಪ್ಪು ತಿಳಿವಳಿಕೆ. ಕೀಲಿನೊಳಗೆ ಎಣ್ಣೆಯಂತಹ ದ್ರವವೊಂದಿದೆ. ಕೀಲು ಥಟ್ಟನೆ ಬಿಚ್ಚಿಕೊಂಡಾಗ ಅದರಲ್ಲಿ ವಾಯುವಿನ ಗುಳ್ಳೆಯು ಏರ್ಪಟ್ಟು ಸದ್ದಾಗುವುದು. ೨೦೧೫ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳಿನ ಕೀಲನ್ನು ಎಳೆದು ಎಂ.ಆರ್.ಐ. ಯಂತ್ರದಿಂದ ಚಿತ್ರ ತೆಗೆದು ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಅಜ್ಜಿಯು ಮೊಮ್ಮಗುವಿನ ದೃಷ್ಟಿ ತೆಗೆದು ನಟಿಕೆ ಮುರಿದಾಗ ಆಗುವ ಸದ್ದೂ ಈ ಜಾತಿಯದೇ. ಸದ್ದು ಬರಿಸುವುದು ವಿದ್ಯೆಯಲ್ಲ. ಅದನ್ನು ಯಾರಾದರೂ ಕೆಲವು ದಿನಗಳಲ್ಲಿ ಕಲಿತಾರು. ಯಾವ ಬೆನ್ನನ್ನು ಒತ್ತಬಾರದೆಂದು ತಿಳಿಯುವುದಕ್ಕೇ ವರ್ಷಗಳು ಬೇಕು.

ಶಿಕ್ಷಣದ ಕ್ರಮ

ಅಮೆರಿಕಾದಲ್ಲಿ ಈಗ ಈ ವೃತ್ತಿಯನ್ನು ಕೈಗೊಳ್ಳಬಯಸುವವನು ಪ್ರೌಢಶಾಲೆಯಿಂದ ನೇರವಾಗಿ ಕೈರೋಪ್ರಾಕ್ಟಿಕ್ ಕಾಲೇಜನ್ನು ಸೇರುವಂತಿಲ್ಲ. ಮೊದಲು ಸಾಮಾನ್ಯ ಕಾಲೇಜಿನಲ್ಲಿ ಸುಮಾರು ಮೂರು ವರ್ಷಗಳ ವ್ಯಾಸಂಗಕ್ಕೆ ಸಮನಾದ ೯೦ ಸೆಮಿಸ್ಟರ್ ಗಂಟೆಗಳನ್ನು ಪೂರೈಸಿರಬೇಕು. ಅದರಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ ಮೊದಲಾದ ವಿಜ್ಞಾನ ವಿಷಯಗಳಿರಬೇಕು. ಅನೇಕರು ಬಿ.ಎಸ್ಸಿ.ಯಂತಹ ಪದವಿಯನ್ನು ಮುಗಿಸಿಯೇ ಬರುವರು. ಕೆಲವು ಪ್ರಾಂತಗಳಲ್ಲಿ ಅಂತಹ ಪದವಿಯಿಲ್ಲದೆ ವೃತ್ತಿಯ ಅನುಮತಿಯೇ ದೊರೆಯದು.

ಆ ಬಳಿಕ ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್, ಎಂದರೆ ಡಿ.ಸಿ. ಪದವಿಯ ವ್ಯಾಸಂಗ. ಇದು ನಾಲ್ಕು ಶಾಲಾವರ್ಷಗಳದ್ದು. ರಜೆಗಳನ್ನು ಕಡಮೆ ಮಾಡಿ ಮೂರೂವರೆ ವರ್ಷಗಳೊಳಗೇ ಮುಗಿಸುವ ಕಾಲೇಜುಗಳೂ ಇವೆ. ಬೋಧನೆಯ ಕಾಲವು ೪,೨೦೦ ಗಂಟೆಗಳಿಗೆ ಕಡಮೆಯಿರಕೂಡದು. ದಿನಕ್ಕೆ ಆರು ಗಂಟೆಗಳಂತೆ ಲೆಕ್ಕ ಹಾಕಿದರೆ ೭೦೦ ದಿನಗಳ ಪಾಠವಾಯಿತು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೦೫ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೂ ಇದೇ ಪ್ರಮಾಣವನ್ನು ಹೇಳಿ, ಅದರಲ್ಲಿ ೧,೦೦೦ ಗಂಟೆಗಳಿಗೆ ಕಡಮೆಯಿಲ್ಲದಂತೆ ಗುರುಗಳ ಕಣ್ಣೆದುರಿನಲ್ಲಿ ರೋಗಿಗಳನ್ನು ನೋಡಿ ಕಲಿಯಬೇಕೆಂದು ವಿಧಿಸಿದ್ದಾರೆ.

ಮೊದಲ ಎರಡು ವರ್ಷಗಳಲ್ಲಿ ವಿದ್ಯಾರ್ಥಿಯು ಬಹುಮಟ್ಟಿಗೆ ವೈದ್ಯವಿದ್ಯಾರ್ಥಿಯ ಹಾಗೆಯೇ ಓದುವನು. ಶವವನ್ನು ಬಿಡಿಸಿ ಅಂಗರಚನೆಯನ್ನು ಕಲಿಯುವುದು, ಶರೀರವ್ಯಾಪಾರ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ರೋಗಲಕ್ಷಣಶಾಸ್ತ್ರ ಇವು ಮುಖ್ಯ ಪಾಠಗಳು. ಜೊತೆಯಲ್ಲಿಯೇ ಕೈಯ ಸಾಧನೆಯೂ ಮೊದಲಾಗುವುದು. ಬೆರಳ ತುದಿಯಿಂದ ಚರ್ಮದ ಮೇಲೆ ಸವರಿ ಇದು ಇಂತಹ ಮಣಿಯೆಂದು ಗುರುತಿಸುವುದು, ಯಾವ ಕೀಲು ಬಿಗಿದಿದೆಯೆಂದು ಅರಿಯುವುದು, ಸಹಪಾಠಿಗಳ ಬೆನ್ನಿನ ಮೇಲೆಯೇ ಅಭ್ಯಾಸ ಮಾಡುವುದು, ಇವೆಲ್ಲ ಪುಸ್ತಕದಿಂದ ಬರತಕ್ಕವಲ್ಲ. ಒತ್ತುವ ಕ್ರಿಯೆಯು ಬಲು ಚುರುಕಾಗಿರಬೇಕು. ಆದರೆ ಸರಿಯುವ ದೂರವು ಬಲು ಕಿರಿದಾಗಿರಬೇಕು. ಬಲದಿಂದ ಮಾಡುವ ಕೆಲಸವೆಂದು ಇದನ್ನು ತಿಳಿದವನು ಮೊದಲ ಪಾಠದಲ್ಲಿಯೇ ತಪ್ಪಿದಂತಾಯಿತು.

ಮುಂದಿನ ವರ್ಷಗಳಲ್ಲಿ ರೋಗನಿರ್ಣಯ, ಎಕ್ಸ್‌ರೇ ಚಿತ್ರಗಳನ್ನು ಓದುವುದು, ನರಗಳ ಪರೀಕ್ಷೆ, ವ್ಯಾಯಾಮಕ್ರಮ, ಆಹಾರಶಾಸ್ತ್ರ ಇವುಗಳ ಪಾಠ. ಕೊನೆಯಲ್ಲಿ ಕಾಲೇಜಿಗೆ ಸೇರಿದ ಚಿಕಿತ್ಸಾಲಯದಲ್ಲಿ ನಿಜವಾದ ರೋಗಿಗಳ ಸೇವೆ. ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕಾದುದು ಈ ಘಟ್ಟವನ್ನು. ಬೆನ್ನುನೋವೆಂದು ಬಂದವರೆಲ್ಲರ ರೋಗವೂ ಬೆನ್ನಿನದೇ ಆಗಿರುವುದಿಲ್ಲ. ಎಲುಬಿಗೆ ಹರಡಿದ ಅರ್ಬುದರೋಗವೂ, ಮುಪ್ಪಿನಲ್ಲಿ ಸವೆದು ಸೀಳಿದ ಮಣಿಯೂ, ನಮ್ಮ ದೇಶದಲ್ಲಿ ಇನ್ನೂ ಕಾಣಬರುವ ಬೆನ್ನುಮಣಿಯ ಕ್ಷಯವೂ ಮೊದಲು ಬೆನ್ನುನೋವಿನ ವೇಷವನ್ನೇ ಧರಿಸಿ ಬರಬಹುದು. ಇಂತಹವುಗಳಲ್ಲಿ ರೋಗದ ಸ್ಥಾನವನ್ನು ಒತ್ತಿ ತಿರುಗಿಸಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು ಸ್ಪಷ್ಟವಾಗಿ ಹೇಳುವುದು. ಬಂದ ರೋಗಿಯನ್ನು ಮುಟ್ಟದೆ ಆಸ್ಪತ್ರೆಗೆ ಕಳುಹಿಸಬೇಕಾದ ಸಮಯವನ್ನು ಅರಿಯುವುದೇ ಆ ಸಾವಿರ ಗಂಟೆಗಳ ಅಭ್ಯಾಸದ ಮುಖ್ಯ ಪ್ರಯೋಜನವೆಂದು ನಾವು ಭಾವಿಸುತ್ತೇವೆ.

ಪರೀಕ್ಷೆಯೂ ಅನುಮತಿಯೂ

ಪದವಿಪತ್ರವು ಕೈಗೆ ಬಂದ ಮಾತ್ರಕ್ಕೆ ಬಾಗಿಲಿಗೆ ಹೆಸರಿನ ಹಲಗೆಯನ್ನು ತಗುಲಿಸುವಂತಿಲ್ಲ. ೧೯೬೩ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೈರೋಪ್ರಾಕ್ಟಿಕ್ ಪರೀಕ್ಷಾಮಂಡಲಿಯು ನಾಲ್ಕು ಭಾಗಗಳ ಪರೀಕ್ಷೆಯನ್ನು ನಡೆಯಿಸುವುದು. ಮೊದಲನೆಯದು ಮೂಲಶಾಸ್ತ್ರಗಳದ್ದು, ಎರಡನೆಯದು ರೋಗನಿರ್ಣಯ ಮತ್ತು ಚಿಕಿತ್ಸಾ ವಿಷಯಗಳದ್ದು, ಮೂರನೆಯದು ರೋಗಿಯ ವೃತ್ತಾಂತವನ್ನು ಕೊಟ್ಟು ಮುಂದೇನು ಮಾಡುವೆಯೆಂದು ಕೇಳುವ ಲಿಖಿತ ಪರೀಕ್ಷೆ, ನಾಲ್ಕನೆಯದು ಪರೀಕ್ಷಕರ ಮುಂದೆ ಕೈಯಿಂದ ಮಾಡಿ ತೋರಿಸತಕ್ಕದ್ದು. ಅನಂತರ ತಾನು ನೆಲಸಬಯಸುವ ಪ್ರಾಂತದ ಮಂಡಲಿಯಿಂದ ಅನುಮತಿಯನ್ನು ಪಡೆಯಬೇಕು. ಆ ಪ್ರಾಂತದ ಕಾನೂನುಗಳನ್ನು ಕುರಿತ ಪರೀಕ್ಷೆಯು ಅನೇಕ ಕಡೆಗಳಲ್ಲಿ ಬೇರೆ ಇರುವುದು. ಅನುಮತಿಯನ್ನು ಕಾಲಕಾಲಕ್ಕೆ ಹೊಸದು ಮಾಡಿಸಿಕೊಳ್ಳಬೇಕಾದುದರಿಂದ ವೃತ್ತಿಯಲ್ಲಿರುವವನು ವ್ಯಾಸಂಗವನ್ನು ಬಿಡುವಂತೆಯೇ ಇಲ್ಲ.

ಇಷ್ಟು ಓದಿದವನು ಡಾಕ್ಟರನೆನಿಸಿಕೊಂಡರೂ ಆತನ ಅಧಿಕಾರಕ್ಕೆ ಮಿತಿಯುಂಟು. ಶಸ್ತ್ರಚಿಕಿತ್ಸೆಯು ಅವನದಲ್ಲ, ಔಷಧವನ್ನು ಬರೆದುಕೊಡುವುದೂ ಸಾಮಾನ್ಯವಾಗಿ ಅವನದಲ್ಲ. ಡಿ.ಸಿ. ಪದವಿಯು ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಲಾರದು.

ಇತರ ದೇಶಗಳಲ್ಲಿ ಕ್ರಮವು ಬೇರೆಬೇರೆಯಾಗಿದೆ. ಕೆನಡಾದ ಟೊರಾಂಟೋ ನಗರದಲ್ಲಿ ೧೯೪೫ರಿಂದಲೂ, ಇಂಗ್ಲೆಂಡಿನ ಬೋರ್ನ್‌ಮತ್ ಊರಿನಲ್ಲಿ ೧೯೬೫ರಿಂದಲೂ ಕಾಲೇಜುಗಳಿವೆ. ಬ್ರಿಟನ್ನಿನಲ್ಲಿ ೧೯೯೪ರ ಕಾನೂನಿನ ಪ್ರಕಾರ, ನೋಂದಣಿಯಿಲ್ಲದವನು ತನ್ನನ್ನು ಕೈರೋಪ್ರಾಕ್ಟರನೆಂದು ಕರೆದುಕೊಳ್ಳುವುದೇ ಅಪರಾಧ. ಡೆನ್ಮಾರ್ಕಿನ ಓಡೆನ್ಸೆ ನಗರದ ವಿಶ್ವವಿದ್ಯಾಲಯದಲ್ಲಿ ಈ ವಿದ್ಯಾರ್ಥಿಗಳು ಮೊದಲ ವರ್ಷಗಳಲ್ಲಿ ವೈದ್ಯವಿದ್ಯಾರ್ಥಿಗಳ ಜೊತೆಯಲ್ಲಿಯೇ ಪಾಠ ಕೇಳುವರು. ಸ್ವಿಟ್ಸರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯವು ೨೦೦೮ರಿಂದ ಇದನ್ನು ವೈದ್ಯಕೀಯ ವಿಭಾಗದಲ್ಲಿಯೇ ಬೋಧಿಸುತ್ತಿದೆ. ಒಂದು ಕಾಲದಲ್ಲಿ ಹೊರಗೆ ನಿಂತಿದ್ದ ವಿದ್ಯೆಯು ಅಲ್ಲಿ ವೈದ್ಯರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತಂತಾಗಿದೆ.

ಗುಣವೆಷ್ಟು, ಅಪಾಯವೆಷ್ಟು?

ವೈದ್ಯರಿಗೂ ಇವರಿಗೂ ಇದ್ದ ವೈಮನಸ್ಯವು ನ್ಯಾಯಸ್ಥಾನದವರೆಗೂ ಹೋಯಿತು. ಅಮೆರಿಕಾದ ವೈದ್ಯಸಂಘವು ತನ್ನ ಸದಸ್ಯರು ಕೈರೋಪ್ರಾಕ್ಟರರೊಡನೆ ವ್ಯವಹರಿಸದಂತೆ ತಡೆದಿದ್ದಿತು. ಚೆಸ್ಟರ್ ವಿಲ್ಕ್ ಮೊದಲಾದವರು ೧೯೭೬ರಲ್ಲಿ ದಾವೆ ಹೂಡಿದರು. ೧೯೮೭ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆನ್‌ಡ್ಯಾನರ್ ಅವರು ಈ ಬಹಿಷ್ಕಾರವು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು. ಇತ್ತ ಇಂಗ್ಲೆಂಡಿನಲ್ಲಿ, ಭಾರತೀಯ ಮೂಲದ ವಿಜ್ಞಾನ ಲೇಖಕ ಸೈಮನ್ ಸಿಂಗ್ ಅವರು ಮಕ್ಕಳ ಉಬ್ಬಸ, ಹೊಟ್ಟೆನೋವುಗಳನ್ನೂ ಗುಣಪಡಿಸುವೆವೆಂಬ ಮಾತಿಗೆ ಆಧಾರವಿಲ್ಲವೆಂದು ೨೦೦೮ರಲ್ಲಿ ಬರೆದುದಕ್ಕಾಗಿ ಅಲ್ಲಿನ ಕೈರೋಪ್ರಾಕ್ಟಿಕ್ ಸಂಘವು ಮಾನನಷ್ಟದ ಮೊಕದ್ದಮೆಯನ್ನು ಹೂಡಿ, ೨೦೧೦ರಲ್ಲಿ ತಾನೇ ಹಿಂದಕ್ಕೆ ತೆಗೆದುಕೊಂಡಿತು. ಮೊದಲ ಪ್ರಸಂಗದಲ್ಲಿ ವೈದ್ಯಸಂಘಕ್ಕೆ, ಎರಡನೆಯದರಲ್ಲಿ ಕೈರೋಪ್ರಾಕ್ಟರರಿಗೆ, ಹೀಗೆ ಇಬ್ಬರಿಗೂ ಪಾಠವಾಯಿತು.

ನಿಷ್ಪಕ್ಷಪಾತವಾಗಿ ಹೇಳುವುದಾದರೆ, ಸೊಂಟನೋವಿಗೆ ಈ ಚಿಕಿತ್ಸೆಯಿಂದ ಕೆಲವರಿಗೆ ಮಿತವಾದ ಉಪಶಮನ ದೊರೆಯುವುದು. ಅದು ವ್ಯಾಯಾಮ ಮೊದಲಾದ ಇತರ ಉಪಾಯಗಳಿಂದ ದೊರೆಯುವುದಕ್ಕೆ ಹೆಚ್ಚುಕಡಮೆ ಸಮನಾದುದು. ಅಮೆರಿಕಾದ ವೈದ್ಯರ ಕಾಲೇಜು ೨೦೧೭ರಲ್ಲಿ ಸೊಂಟನೋವಿಗೆ ಔಷಧವಿಲ್ಲದ ಉಪಾಯಗಳನ್ನು ಹೆಸರಿಸುವಾಗ ಇದನ್ನೂ ಸೇರಿಸಿತು. ಇದಕ್ಕೂ ಮೀರಿ ಸಕಲ ರೋಗಗಳಿಗೂ ಇದೇ ಮದ್ದೆನ್ನುವವನ ಮಾತನ್ನು ನಂಬಲಾಗದು.

ಕತ್ತನ್ನು ಥಟ್ಟನೆ ತಿರುಗಿಸುವುದರಲ್ಲಿ ಅಪಾಯವು ವಿರಳವಾದರೂ ಘೋರವಾದುದು. ಮಿದುಳಿಗೆ ಹೋಗುವ ಧಮನಿಯ ಒಳಪದರವು ಹರಿದು, ರಕ್ತವು ಹೆಪ್ಪುಗಟ್ಟಿ, ಪಾರ್ಶ್ವವಾಯುವಿಗೆ ಕಾರಣವಾದ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಕ್ಷೌರದಂಗಡಿಯಲ್ಲಿ ಕತ್ತನ್ನು ತಿರುಗಿಸಿಕೊಂಡ ತರುಣನೊಬ್ಬನಿಗೆ ಹೀಗಾಯಿತೆಂದು ೨೦೨೪ರಲ್ಲಿ ನಮ್ಮ ಬೆಂಗಳೂರಿನಿಂದಲೇ ವರದಿಯಾದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಕ್ಷೌರಿಕನ ಮೇಲೆ ತಪ್ಪು ಹೊರಿಸುವುದಕ್ಕಾಗಿ ನಾವು ಇದನ್ನು ಹೇಳುತ್ತಿಲ್ಲ. ಕತ್ತಿನೊಳಗೆ ಏನಿದೆಯೆಂದು ಆತನಿಗೆ ಯಾರೂ ಕಲಿಸಲಿಲ್ಲ. ಕಲಿತವನೇ ಎಂದು ನಾವೂ ಕೇಳಲಿಲ್ಲ.

ನಮ್ಮ ದೇಶದಲ್ಲಿ

ಭಾರತದಲ್ಲಿ ಕೈರೋಪ್ರಾಕ್ಟಿಕ್ ವೃತ್ತಿಗೆಂದೇ ಪ್ರತ್ಯೇಕವಾದ ಕಾನೂನಿಲ್ಲ. ಹಲಗೆಯ ಮೇಲಿನ ಈ ಹೆಸರಿನ ಹಿಂದೆ ೪,೨೦೦ ಗಂಟೆಗಳ ವ್ಯಾಸಂಗವೂ ಇರಬಹುದು, ಒಂದು ವಾರದ ಶಿಬಿರವೂ ಇರಬಹುದು. ಹೊರದೇಶದಲ್ಲಿ ಡಿ.ಸಿ. ಪದವಿಯನ್ನು ಪಡೆಯಬಯಸುವ ಮಗನ ಅಥವಾ ಮಗಳ ತಂದೆತಾಯಿಗಳು ಮೂರು ಸಂಗತಿಗಳನ್ನು ಮೊದಲೇ ಆಲೋಚಿಸಬೇಕು. ಒಟ್ಟು ಏಳು ವರ್ಷಗಳಷ್ಟು ಕಾಲ ಬೇಕು; ವೆಚ್ಚವು ಬಹಳ, ಅಲ್ಲಿನ ವಿದ್ಯಾರ್ಥಿಗಳೇ ಸಾಲ ಮಾಡಿ ಓದುವರು; ಓದಿ ಮರಳಿದರೆ ಆ ಪದವಿಯನ್ನು ದಾಖಲಿಸಿಕೊಳ್ಳಲು ಅದಕ್ಕೆಂದೇ ಏರ್ಪಟ್ಟ ಮಂಡಲಿಯು ಇಲ್ಲಿಲ್ಲ.

ಕೈಯಿಂದಲೇ ನೋವನ್ನು ಶಮನಗೊಳಿಸುವ ಸೇವೆಯಲ್ಲಿ ಆಸಕ್ತಿಯುಳ್ಳವರಿಗೆ ನಮ್ಮಲ್ಲಿಯೇ ಫಿಜಿಯೋಥೆರಪಿಯ ದಾರಿಯಿದೆ. ಅದಕ್ಕೆ ಕಾಲೇಜುಗಳಿವೆ, ಪದವಿಯಿದೆ, ಮುಂದೆ ಕೀಲು ಮತ್ತು ಸ್ನಾಯುಗಳ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗವೂ ಇದೆ; ಕೀಲುಗಳನ್ನು ಕೈಯಿಂದ ಸಡಿಲಿಸುವ ಕ್ರಮಗಳನ್ನು ಅಲ್ಲಿಯೂ ಕಲಿಸುವರು. ೨೦೨೧ರಲ್ಲಿ ಸಂಸತ್ತು ಅಂಗೀಕರಿಸಿದ ಸಹ ಹಾಗೂ ಆರೋಗ್ಯರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾನೂನಿನೊಳಗೆ ಈ ವೃತ್ತಿಯು ಸೇರಿದೆ.

ಇನ್ನು ರೋಗಿಯಾಗಿ ಹೋಗುವವರಿಗೆ ಎರಡು ಮಾತು. ನೋವಿನೊಡನೆ ಜ್ವರವಿದ್ದರೆ, ಕಾರಣವಿಲ್ಲದೆ ದೇಹವು ಇಳಿಯುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಕಾಲುಗಳಲ್ಲಿ ಬಲವು ಕುಗ್ಗುತ್ತಿದ್ದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮಲಮೂತ್ರಗಳು ಹತೋಟಿ ತಪ್ಪಿದರೆ, ಯಾರಿಂದಲೂ ಒತ್ತಿಸಿಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಇವಾವುವೂ ಇಲ್ಲದಿದ್ದಲ್ಲಿ, ಚಿಕಿತ್ಸಕನನ್ನು ವಿನಯದಿಂದಲೇ ನಾಲ್ಕು ಪ್ರಶ್ನೆ ಕೇಳಿರಿ: ಎಲ್ಲಿ ಓದಿದಿರಿ? ಎಷ್ಟು ವರ್ಷ ಓದಿದಿರಿ? ನಿಮ್ಮ ಹೆಸರು ಯಾವ ಮಂಡಲಿಯ ಪಟ್ಟಿಯಲ್ಲಿದೆ? ಎಂತಹ ರೋಗಿಯನ್ನು ನೀವು ಮುಟ್ಟದೆ ಹಿಂದಕ್ಕೆ ಕಳುಹಿಸುವಿರಿ? ನಿಜವಾಗಿ ಕಲಿತವನು ಕೊನೆಯ ಪ್ರಶ್ನೆಗೆ ಬೇಸರಪಡದೆ ಬಹಳ ಹೊತ್ತು ಉತ್ತರ ಹೇಳುವನು. 'ಅಂಥವರು ಯಾರೂ ಇಲ್ಲ, ಎಲ್ಲರನ್ನೂ ಗುಣಪಡಿಸುವೆನು' ಎಂದಲ್ಲಿ, ನಮಸ್ಕಾರ ಹೇಳಿ ಮನೆಗೆ ಹಿಂದಿರುಗುವುದು ಲೇಸು.